ಸಮರ್ಪಣಾ ಮಾಡೀನಿ ಅಂದಮ್ಯಾಲೂ ನಾಲಿಗಿ ಯಾಕ ಹಳೇದ ಉಳದೈತಿ?

ಪ್ರಶ್ನೆ: ಪಾಸ್ಟರ್ ಅವರಿಗೆ ವಂದನೆಗಳು. ನಾನು ಬಾಗಲಕೋಟಿ ಜಿಲ್ಲಾದಾವ, ಟೇಲರ್ ಅಂಗಡಿ ಐತಿ, ಹೆಣ್ಣಮಕ್ಕಳ ಜಂಪರ್, ಡ್ರೆಸ್ ಹೊಲೀತೀನಿ. ಹೋದ ವರ್ಷ ಉಜ್ಜೀವನ ಕೂಟದಾಗ ಮುಂದ ಹೋಗಿ ಮೊಣಕಾಲೂರಿ ನನ್ನ ಜೀವನಾ ಪೂರ್ತಿ ಕರ್ತನಿಗೆ ಒಪ್ಪಿಸ್ದೆ, ಸಭೆಯೊಳಗ ಸಾಕ್ಷೀನೂ ಹೇಳ್ದೆ. ದಿನಾ ಬೆಳಿಗ್ಗೆ ಪ್ರಾರ್ಥನಾ ತಪ್ಪಸಂಗಿಲ್ಲ. ಆದ್ರ ಅಂಗಡಿ ಬಾಗಲಾ ತಗದ ಕೂಡ್ಲೇ ಸುಳ್ಳು ಚಾಲೂ ಆಗತೈತಿ, 'ನಾಳೆ ಬರ್ರಿ', 'ಹುಕ್ ಅಷ್ಟ ಹಚ್ಚೋದು ಉಳದೈತಿ' ಅಂತೀನಿ, ಬಟ್ಟಿ ಇನ್ನೂ ಕಟಿಂಗೇ ಆಗಿರಂಗಿಲ್ಲ. ಮನಿಗೆ ಬಂದ್ರ ಹೆಂಡತಿ ಮ್ಯಾಲ ಸಿಟ್ಟು. ಮೊನ್ನೆ ಮಗಳು 'ಪಪ್ಪಾ, ಚರ್ಚನ್ಯಾಗ ನಿಮ್ಮ ದನೀನ ಬ್ಯಾರೆ ಇರತೈತಿ' ಅಂದ್ಲು. ನನ್ನ ಸಮರ್ಪಣಾ ಖೊಟ್ಟಿ ಆಗಿತ್ತೇನ್ರಿ? ಈ ಸಲ ಕೂಟದಾಗ ಮತ್ತ ಮುಂದ ಹೋಗಿ ಒಪ್ಪಿಸಬೇಕೇನು? ಇನ್ನೊಂದು, ನಮ್ಮ ಓಣ್ಯಾಗ ಒಬ್ಬರು ನಾವು ಕ್ರೈಸ್ತರು ಅಂತ ಕೆಣಕಿ ಮಾತಾಡ್ತಾರ, ಅವರಿಗೆ ತಿರುಗಿ ಉತ್ತರಾ ಕೊಡಬೇಕೋ ಸುಮ್ಮನಿರಬೇಕೋ ಅದನ್ನೂ ಹೇಳ್ರಿ.

ಉತ್ತರ: ಖೊಟ್ಟಿ ಅಲ್ರಿ ಸಹೋದರರ. ಅದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಖೊಟ್ಟಿ ಸಮರ್ಪಣಾ ಮಾಡಿದಾವಗ 'ನಾಳೆ ಬರ್ರಿ' ಅಂದಾಗ ಎದಿ ಚುಚ್ಚಂಗಿಲ್ಲ, ಮಗಳ ಮಾತಿಗೆ ನಿದ್ದಿ ಕೆಡಂಗಿಲ್ಲ, ಇಷ್ಟುದ್ದ ಬರದು ಕೇಳೂದೂ ಇಲ್ಲ. ಕೂಟದಾಗ ನೀವು ಕೊಟ್ಟಿದ್ದು ಖರೇನ ಕೊಟ್ಟೀರಿ. ಆದ್ರ ಏನೇನು ಕೊಟ್ಟೆ ಅನ್ನೋದು ಅವತ್ತು ನಿಮಗೂ ಗೊತ್ತಿರಲಿಲ್ಲ. 'ಜೀವನಾ ಪೂರ್ತಿ' ಅಂತ ಒಂದ ಉಸರಿನ್ಯಾಗ ಹೇಳಬಹುದು, ಆ ಪೂರ್ತಿ ಒಳಗ ನಿಮ್ಮ ಆರ್ಡರ್ ಬುಕ್ಕೂ ಬಂತು, ಉಳದ ತುಂಡು ಬಟ್ಟಿ ತುಂಬಿ ಇಡೋ ಚೀಲಾನೂ ಬಂತು, ರಾತ್ರಿ ಊಟಾ ಬಡಸೋದು ಸ್ವಲ್ಪ ತಡಾ ಆದ್ರ ನಿಮ್ಮ ಬಾಯಿಂದ ಬೀಳೋ ಮಾತೂ ಬಂತು. ಅವು ಒಂದೊಂದ ಈಗ ಎದುರಿಗೆ ಬಂದು ನಿಲ್ಲಾಕತ್ತಾವು, ಅಷ್ಟ.

ನಿಮ್ಮ ಪ್ರಶ್ನೆ ಓದಿದಾಗ ನನಗ ಯೇಸುವಿನ ಶಿಷ್ಯ ಪೇತ್ರ ನೆನಪಾದ. ಯೇಸುವನ್ನ ಹಿಡದುಕೊಟ್ಟ ರಾತ್ರಿ ಅಂವ ಎಲ್ಲಾರ ಎದುರಿಗೆ ಹೇಳಿದ್ದ, ನಿನ್ನ ಸಂಗಾಟ ಸಾಯೋ ಹೊತ್ತು ಬಂದ್ರೂ ನಿನ್ನನ್ನ ಗೊತ್ತಿಲ್ಲ ಅನ್ನಂಗಿಲ್ಲ ಅಂತ. ಅದೂ ಒಂದು ಸಾಕ್ಷೀನ, ಮತ್ತ ನಾಟಕ ಅಲ್ಲ, ಯಾಕಂದ್ರ ಅದ ರಾತ್ರಿ ಹಿಡಿಯಾಕ ಬಂದವರ ಮುಂದ ಕತ್ತಿ ಹಿರದು ಮಹಾಯಾಜಕನ ಆಳಿನ ಕಿವಿ ಕತ್ತರಿಸಿದಾವ ಅಂವ (ಯೋಹಾನ 18:10). ಜೀವಾ ಕೊಡಾಕ ತಯಾರ ಇದ್ದ. ಆಮ್ಯಾಲ ಸ್ವಲ್ಪ ಹೊತ್ತಿಗೆ ಅಂಗಳದಾಗ ಬೆಂಕಿ ಕಾಸ್ಕೋತ ಕುಂತಾಗ ಒಬ್ಬಾಕಿ ಕೆಲಸದ ಹುಡುಗಿ 'ನೀನೂ ಅವನ ಸಂಗಾಟ ಇದ್ದಾವ' ಅಂದ್ಲು, ಅಷ್ಟಕ್ಕ ಸುಳ್ಳು ಹೇಳಿಬಿಟ್ಟ. ಒಂದ ಸಲ ಅಲ್ಲ, ಮೂರು ಸಲ. ಅಲ್ಲಿದ್ದ ಮಂದಿ 'ನಿನ್ನ ಮಾತಿನ ಧಾಟೀನ ಹೇಳತೈತಿ ನೀ ಯಾರಂತ' ಅಂದ್ರು, ಗಲಿಲಾಯದವರ ಮಾತು ಯೆರೂಸಲೇಮಿನವರ ಕಿವಿಗೆ ಬ್ಯಾರೆ ಕೇಳಸ್ತಿತ್ತು, ನಾವು ಬೆಂಗಳೂರಾಗ ಬಾಯಿ ತಗದ ಕೂಡ್ಲೇ 'ಬೆಳಗಾವಿ ಕಡೆಯವ್ರಾ?' ಅಂತ ಕೇಳ್ತಾರಲ್ಲ ಹಂಗ. ಅದಕ್ಕ ಅಂವ ಶಾಪಾ ಹಾಕ್ಕೊಂಡು ಆಣಿ ಮಾಡಾಕ ನಿಂತ.

ಕತ್ತಿಗೆ ಹೆದರದಾವ ಒಂದು ಹುಡುಗಿ ಮಾತಿಗೆ ಯಾಕ ಹೆದರಿದ? ನನಗ ತಿಳದಂಗ, ದೊಡ್ಡ ಹೊತ್ತಿಗೆ ಅಂವ ತಯಾರ ಮಾಡ್ಕೊಂಡಿದ್ದ, ಸಣ್ಣ ಹೊತ್ತಿಗೆ ಮಾಡ್ಕೊಂಡಿರಲಿಲ್ಲ. ಸಣ್ಣ ಹೊತ್ತಿನ್ಯಾಗ ಬುದ್ಧಿ ಬರೋಕ್ಕಿಂತ ಮೊದಲ ನಾಲಿಗಿ ಓಡತೈತಿ, ಓಡಿ ಏನ ಮಾಡತೈತಿ ಅಂದ್ರ ನಮ್ಮನ್ನ ಕಾಯತೈತಿ. ನಮ್ಮ ಮಾನಾ, ನಮ್ಮ ಹೆಸರು, ನಮ್ಮ ಗಿರಾಕಿ, ನಮ್ಮ ಮಾತ ನಡೀಬೇಕು ಅನ್ನೋದು. ಸುಳ್ಳು ಹೇಳೋದೂ ಅದಕ್ಕ, ಬೈಯೋದೂ ಅದಕ್ಕ, ಬ್ಯಾರೆಯವರ ಸುದ್ದಿ ಹೇಳಿ ಅವರನ್ನ ಸಣ್ಣವರ ಮಾಡೋದೂ ಅದಕ್ಕ, 'ನಾ ಹಂಗ ಅಂದೇ ಇಲ್ಲ' ಅಂತ ವಾದಾ ಮಾಡೋದೂ ಅದಕ್ಕ. ಮ್ಯಾಲ ನೋಡಿದ್ರ ನಾಕು ಬ್ಯಾರೆ ಬ್ಯಾರೆ ಪಾಪ, ಒಳಗ ಹೊಕ್ಕು ನೋಡಿದ್ರ ಕೆಲಸಾ ಒಂದ.

ಇದ ಪೇತ್ರ ಭಾಳ ವರ್ಷ ಆದಮ್ಯಾಲ ಬರದ ಪತ್ರದಾಗ ಯೇಸುವಿನ ಬಗ್ಗೆ ಒಂದು ಮಾತು ಹೇಳ್ತಾನ (1 ಪೇತ್ರ 2:23), ಬೈಸ್ಕೊಂಡಾಗ ತಿರುಗಿ ಬೈಲಿಲ್ಲ, ತ್ರಾಸ ಕೊಟ್ಟಾಗ ಹೆದರಿಸಲಿಲ್ಲ, ನ್ಯಾಯದಿಂದ ತೀರ್ಪು ಮಾಡೋ ದೇವರಿಗೆ ತನ್ನನ್ನ ಒಪ್ಪಿಸಿಬಿಟ್ಟ ಅಂತ. ಅಂಗಳದಾಗ ಕುಂತು ತನ್ನ ನಾಲಿಗಿ ಏನ ಮಾಡ್ತು ಅಂತ ನೋಡಿದಾವನ ಕೈಯಿಂದ ಬಂದ ಮಾತದು. ನೋಡ್ರಿ, ಸಮರ್ಪಣಾ ಅನ್ನೋದನ್ನ ಅಂವ ಹಾಡಿನ್ಯಾಗೋ ಕಣ್ಣೀರಿನ್ಯಾಗೋ ತೋರಸಂಗಿಲ್ಲ, ಬಾಯಿ ಸುಮ್ಮನ ಇದ್ದದ್ದರಾಗ ತೋರಸ್ತಾನ. ನನ್ನ ಹೆಸರು ಕಾಯೋ ಕೆಲಸಾ ದೇವರ ಮ್ಯಾಲ ಬಿಟ್ಟೀನಿ, ನನ್ನ ನಾಲಿಗಿಗೆ ಆ ಡ್ಯೂಟಿ ಇಲ್ಲ. ನೀವು ಕೂಟದಾಗ ಜೀವನಾ ಕೊಟ್ರಿ, ಆದ್ರ ಈ ಡ್ಯೂಟಿ ಇನ್ನೂ ನಿಮ್ಮ ಹತ್ರ ಇಟ್ಕೊಂಡೀರಿ ಅಂತ ನನಗ ಅನಸ್ತೈತಿ.

ಈಗ ನಿಮ್ಮ ಅಂಗಡಿಗೆ ಬರೂಣು. ಹಳ್ಳಿಯಿಂದ ಒಬ್ಬಾಕಿ ಬಸ್ಸಿಗೆ ಬಂದಾಳ, ಕೈಯಾಗ ಖಾಲಿ ಚೀಲಾ, ತಂಗಿ ಲಗ್ನ ನಾಡಿದ್ದು, ಇಳಕಲ್ ಸೀರಿ ಮ್ಯಾಲ ಗುಳೇದಗುಡ್ಡ ಖಣದ ಜಂಪರ್ ಹೊಲಿಯಾಕ ಹಾಕಿದ್ಲು. ಖಣ ನಿಮ್ಮ ಕಪಾಟಿನ್ಯಾಗ ಹಾಕಿದ ಘಳಿಗಿ ಬಿಚ್ಚದ ಹಂಗ ಕುಂತೈತಿ. ನೀವು 'ಆಗೇ ಬಿಟ್ಟೈತ್ರಿ ಅಕ್ಕಾರ, ಹುಕ್ ಅಷ್ಟ, ನಾಳೆ ಬರ್ರಿ' ಅಂದ್ರಿ. ಈ ಸುಳ್ಳಿನಿಂದ ನಿಮಗ ಏನ ಸಿಕ್ತು? ಒಂದು ರೂಪಾಯಿ ಹೆಚ್ಚ ಸಿಗಲಿಲ್ಲ. ಸಿಕ್ಕಿದ್ದು ಏನಂದ್ರ ಆಕಿ ಮುಖಾ ಸಣ್ಣದಾಗೋದನ್ನ ನೀವು ಅರ್ಧಾ ಮಿನಿಟ ನೋಡೋದು ತಪ್ಪಿತು, 'ಈ ಟೇಲರ್ ಮಾತಿಗೆ ನಿಲ್ಲಂಗಿಲ್ಲ' ಅನ್ನೋದನ್ನ ಇವತ್ತು ಕೇಳೋದು ತಪ್ಪಿತು. ಅದರ ರೊಕ್ಕಾ ಕೊಟ್ಟಾಕಿ ಆಕಿ, ನಾಳೆ ಮತ್ತ ಬಸ್ ಹತ್ತಿ ಬರ್ತಾಳ, ಒಂದಿನದ ಕೂಲಿ ಬಿಡ್ತಾಳ. ಸಣ್ಣ ಸುಳ್ಳು ಅಂತೀವಿ, ಎಲ್ಲಾ ಟೇಲರ್ ಹೇಳೋದ ಅಂತೀವಿ, ನಮ್ಮ ಬೆಳಗಾವ್ಯಾಗಂತೂ ಮರಾಠಿ ಗಿರಾಕಿಗೆ 'ಉದ್ಯಾ ಯಾ', ಕನ್ನಡದವರಿಗೆ 'ನಾಳೆ ಬರ್ರಿ', ಹಿಂದಿಯವರಿಗೆ 'ಕಲ್ ಆವೋ', ಮೂರು ಭಾಷಾದಾಗೂ ಒಂದ ಸುಳ್ಳು. 15ನೇ ಕೀರ್ತನೆ ದೇವರ ಗುಡಾರದಾಗ ಇರಾಕ ಯಾರು ಯೋಗ್ಯರು ಅಂತ ಕೇಳಿ ತಾನ ಉತ್ತರಾ ಹೇಳತೈತಿ, ಆ ಉತ್ತರದಾಗ ಒಂದು, ತನಗ ನಷ್ಟಾ ಆದ್ರೂ ಕೊಟ್ಟ ಮಾತು ತಪ್ಪಸದಾವ. ಮತ್ತಾಯ 5:37ರಾಗ ಯೇಸು ಹೌದು ಅಂದ್ರ ಹೌದು, ಅಲ್ಲ ಅಂದ್ರ ಅಲ್ಲ ಅಂತ ಹೇಳಿದ್ದೂ ಇಂಥ ಮಾತಿಗೆ, ಕೋರ್ಟಿನ ಸಾಕ್ಷಿಗೆ ಅಷ್ಟ ಅಲ್ಲ.

ಆದ್ರ 'ನಾಳೆಯಿಂದ ಸುಳ್ಳು ಹೇಳಂಗಿಲ್ಲ' ಅಂತ ನಿರ್ಧಾರಾ ಮಾಡ್ಕೊಂಡು ಅಂಗಡಿಗೆ ಹೋದ್ರ ಮಧ್ಯಾಹ್ನದ ಒಳಗ ಸೋಲ್ತೀರಿ. ಯಾಕಂದ್ರ ಆ ಸುಳ್ಳು ಆಕಿ ಬಂದು ನಿಂತಾಗ ಹುಟ್ಟಿದ್ದಲ್ಲ. ಲಗ್ನದ ಸೀಸನ್‌ನ್ಯಾಗ ದಿನಕ್ಕ ಎಷ್ಟು ಜಂಪರ್ ನಿಮ್ಮ ಕೈಯಿಂದ ಆಗತಾವ ಅಂತ ಗೊತ್ತಿದ್ದೂ ಅದರ ಎರಡು ಪಟ್ಟು ಆರ್ಡರ್ ತೊಗೊಂಡ ದಿನಾನ ಹುಟ್ಟೈತಿ. ಹಂಗಾಗಿ ನಾಲಿಗಿ ರಿಪೇರಿ ಆರ್ಡರ್ ಬುಕ್ಕಿನಿಂದ ಚಾಲೂ ಮಾಡ್ರಿ. ಬುಕ್ಕಿನ್ಯಾಗ ಅಳತಿ ಬರಿಯೋ ಜಾಗಾದಾಗ ಕೊಡೋ ತಾರೀಖು ಅಷ್ಟ ಬರಿತೀರಲ್ಲ, ಕಟಿಂಗ್ ಯಾವತ್ತು ಅಂತಾನೂ ಬರೀರಿ, ಆ ದಿನಾ ತುಂಬಿದ್ರ ಮುಂದಿನ ಆರ್ಡರಿಗೆ 'ಆಗಂಗಿಲ್ರಿ, ಬ್ಯಾರೆ ಕಡೆ ನೋಡ್ರಿ' ಅನ್ರಿ. ಈ ಮಾತು ಹೇಳಾಕ ನಿಮಗ ಎಷ್ಟು ತ್ರಾಸ ಆಗತೈತಿ ಅಂತ ನನಗ ಗೊತ್ತೈತಿ, ಬಂದ ಗಿರಾಕೀನ್ನ ಕಳಸೋದು ಅಂದ್ರ ಮನಿಗೆ ಬಂದ ಲಕ್ಷ್ಮೀನ್ನ ತಿರುಗಿಸಿ ಕಳಸಿದಂಗ ಅಂತ ನಮ್ಮ ಬಜಾರಿನ ಮಂದಿ ಹೇಳ್ತಾರ. ಹಳೆ ಬಾಕಿಗೆ, ಕೊಡೋ ದಿನಕ್ಕಿಂತ ಮೊದಲ ನೀವ ಫೋನ್ ಹಚ್ಚಿ 'ಇನ್ನೂ ಕಟಿಂಗ್ ಮಾಡಿಲ್ರಿ, ತಪ್ಪು ನಂದ, ಗುರುವಾರ ಸಂಜೀಕ ಕೊಡ್ತೀನಿ, ನಾ ಫೋನ್ ಮಾಡೂತನಕ ಬರಬ್ಯಾಡ್ರಿ' ಅಂತ ಹೇಳ್ರಿ. ಕೆಲವರು ಬೈತಾರ. ಒಬ್ಬಿಬ್ಬರು ಬಟ್ಟಿ ತಿರುಗಿ ಒಯ್ತಾರ. ಲೂಕ 9:23ರಾಗ ದಿನಾಲೂ ಶಿಲುಬಿ ಹೊರಬೇಕು ಅಂತ ಐತಲ್ಲ, ಬುಧವಾರದ ಶಿಲುಬಿ ಅಂದ್ರ ಆ ಫೋನ್ ಇರಬಹುದು.

ಒಂದು ಮಾತು ನಡುವ ಹೇಳ್ತೀನಿ, ನಗಬ್ಯಾಡ್ರಿ. ನಮ್ಮ ವಿಶ್ವಾಸಿಗಳ ಅಂಗಡಿಗೆ ಹೋದ್ರ 'ದೇವರ ಚಿತ್ತ ಇದ್ರ ನಾಳೆ ಕೊಡ್ತೀನ್ರಿ' ಅಂತಾರ. ಯಾಕೋಬ 4:15 ಬಾಯಿಪಾಠ. ಯಾಕೋಬ ಅದನ್ನ ಹೇಳಿದ್ದು ನಾಳೆ ನಮ್ಮ ಕೈಯ್ಯಾಗೈತಿ ಅಂತ ಸೊಕ್ಕಿಲೆ ವ್ಯಾಪಾರದ ಲೆಕ್ಕಾ ಹಾಕೋರಿಗೆ, ಕಟಿಂಗ್ ಮಾಡದ ಬಟ್ಟಿಗೆ ದೇವರನ್ನ ಜಾಮೀನು ಕೊಡ್ರಿ ಅಂತಲ್ಲ. ಗಿರಾಕಿಗೆ ಬಟ್ಟಿ ಸಿಗದಿದ್ರ ತಪ್ಪು ಯಾರದಾತು ಹಂಗಾರ? ದೇವರದು. ಅದಕ್ಕಿಂತ ಬರೇ ಸುಳ್ಳ ವಾಸಿ.

ಉಳದ ತುಂಡಿನ ಬಗ್ಗೆ ನೀವು ಬರದಿಲ್ಲ, ನಾನ ಕೇಳ್ತೀನಿ. ಡ್ರೆಸ್ ಬಟ್ಟಿ ಎಷ್ಟು ಬೇಕೋ ಅದಕ್ಕಿಂತ ಕಾಲು ಮೀಟರ್ ಹೆಚ್ಚ ತರ್ರಿ ಅನ್ನೋದು, ಉಳದಿದ್ದನ್ನ ಕೊಡದ ಇಟ್ಕೊಳ್ಳೋದು, ಅಸ್ತರ ನಿಮ್ಮ ಕಡೆಯಿಂದ ಹಾಕಿದಾಗ ಕಾಟನ್ನಿನ ರೊಕ್ಕಾ ತೊಗೊಂಡು ಹಗರ ಮಾಲು ಹಾಕೋದು. ನಿಮ್ಮ ಅಂಗಡ್ಯಾಗ ಇಲ್ಲ ಅಂದ್ರ ಚೊಲೊ ಆತು, ಈ ಪ್ಯಾರಾ ಬಿಟ್ಟು ಮುಂದ ಓದ್ರಿ. ಇದ್ರ, ಜಕ್ಕಾಯನ ಕಡೆ ನೋಡ್ರಿ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ ಅಂವ, ಅರ್ಧಾ ಆಸ್ತಿ ಬಡವರಿಗೆ, ಮೋಸಾ ಮಾಡಿ ತೊಗೊಂಡಿದ್ದಕ್ಕ ನಾಕ ಪಟ್ಟು ತಿರುಗಿ ಕೊಡ್ತೀನಿ ಅಂದ (ಲೂಕ 19:8). ಯಾಜಕಕಾಂಡ 6ನೇ ಅಧ್ಯಾಯದ ಪ್ರಕಾರ ತಾನ ಒಪ್ಪಿಕೊಂಡು ತಿರುಗಿ ಕೊಡಾವ ಅಸಲಿನ ಮ್ಯಾಲ ಐದನೇ ಒಂದು ಪಾಲು ಕೂಡಿಸಿ ಕೊಟ್ರ ಸಾಕಾಗಿತ್ತು, ಇಂವ ಅದನ್ನ ದಾಟಿ ಹೋದ. ಆದ್ರ ನನಗ ಅಲ್ಲಿ ಹಿಡಿಸೋದು ಲೆಕ್ಕಾ ಅಲ್ಲ, ಯಾವುದು ಮೊದಲ ಆತು ಅನ್ನೋದು. ಯೇಸು ಮೊದಲ ಅವನ ಮನಿಗೆ ಹೋದ, ಮಂದಿ ಗೊಣಗಿದ್ರು, ಆಮ್ಯಾಲ ಇಂವ ಎದ್ದುನಿಂತು ಹೇಳಿದ. ತಿರುಗಿ ಕೊಟ್ಟು ಬಾ, ಆಮ್ಯಾಲ ಬರ್ತೀನಿ ಅಂತ ಯೇಸು ಅನ್ನಲಿಲ್ಲ. ನಿಮಗೂ ಹಂಗ, ಲೆಕ್ಕಾ ಚುಕ್ತಾ ಮಾಡಿದಮ್ಯಾಲ ದೇವರು ನಿಮ್ಮನ್ನ ಸ್ವೀಕಾರ ಮಾಡ್ತಾನ ಅಂತಲ್ಲ, ಸ್ವೀಕಾರ ಮಾಡ್ಯಾನ, ಅದಕ್ಕ ಚೀಲಾ ಬಿಚ್ಚಾಕ ಧೈರ್ಯ ಬರತೈತಿ. ರೋಮಾಪುರದವರಿಗೆ ಬರದ ಪತ್ರದಾಗ ಅಪೊಸ್ತಲ ಪೌಲ ನಿಮ್ಮ ದೇಹಗಳನ್ನ ಜೀವಂತ ಯಜ್ಞ ಮಾಡಿ ಕೊಡ್ರಿ ಅಂತ 12ನೇ ಅಧ್ಯಾಯಕ್ಕ ಬಂದು ಹೇಳ್ತಾನ, ಅದಕ್ಕಿಂತ ಮೊದಲಿನ 11 ಅಧ್ಯಾಯದ ತುಂಬ ದೇವರು ಏನ ಮಾಡ್ಯಾನ ಅನ್ನೋದ ಹೆಚ್ಚ.

ಮತ್ತ ನಿಮ್ಮ ಕೆಲಸಾ ಸಣ್ಣದು ಅಂತ ಮಾಡಬ್ಯಾಡ್ರಿ. ಪೌಲ ಕೊರಿಂಥದಾಗ ಅಕ್ವಿಲ, ಪ್ರಿಸ್ಕಿಲ್ಲರ ಮನ್ಯಾಗ ಇದ್ದು ಗುಡಾರಾ ಮಾಡೋ ಕೆಲಸಾ ಮಾಡಿದಾವ. ಯೊಪ್ಪದಾಗ ತಬಿಥಾ ಅನ್ನಾಕಿ ಇದ್ಲು, ದೊರ್ಕ ಅಂತಾನೂ ಕರೀತಿದ್ರು, ಆಕಿ ತೀರಿಕೊಂಡಾಗ ಪೇತ್ರ ಮಾಳಿಗಿ ಹತ್ತಿ ಹೋದ್ರ ವಿಧವೆಯರು ಸುತ್ತ ನಿಂತು ಅತ್ಕೋತ ಆಕಿ ಹೊಲದು ಕೊಟ್ಟ ಅಂಗಿಗಳನ್ನ ತೋರಿಸಿದ್ರು (ಅಪೊಸ್ತಲರ ಕೃತ್ಯಗಳು 9:39). ಆಕಿ ಏನ ಮಾತಾಡಿದ್ಲು ಅನ್ನೋದು ಸತ್ಯವೇದದಾಗ ಒಂದ ಅಕ್ಷರಾನೂ ಇಲ್ಲ. ಸಾಕ್ಷಿ ಹೇಳಿದ್ದು ಬಟ್ಟಿ. ನಿಮ್ಮ ಜಿಲ್ಲಾದಾಗೂ ಸಭೆ ಬೆಳದಿದ್ದು ಇಂಥ ಕೈಕೆಲಸದವರ ನಡುವ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1851ರಾಗ ಗುಳೇದಗುಡ್ಡದಾಗ ಠಾಣ್ಯಾ ಹಾಕಿದ್ರು, ಅದು ಮಗ್ಗದ ಸದ್ದಿನ ಊರು. ಅಂಥ ಊರಾಗ ಪ್ರಸಂಗ ಕೇಳಾಕ ಬರದಾವನೂ ನಿಮ್ಮ ಮಾಲು ಹೆಂಗೈತಿ, ಲೆಕ್ಕಾ ಹೆಂಗೈತಿ ಅಂತ ನೋಡೇ ನೋಡ್ತಾನ. ಅದೂ ಅಲ್ಲದ ಕೂಡಲಸಂಗಮ ಇರೋ ಜಿಲ್ಲಾರಿ ಅದು, ನುಡಿ ಒಂದು ನಡೆ ಒಂದು ಇರಬಾರದು ಅಂತ ಶರಣರು ಎಂಟುನೂರು ವರ್ಷದ ಹಿಂದನ ಹೇಳಿ ಹೋಗ್ಯಾರ, ನಿಮ್ಮ ಗಿರಾಕಿಗೆ ಯಾಕೋಬನ ಪತ್ರ ಗೊತ್ತಿರಲಿಕ್ಕಿಲ್ಲ, ಆದ್ರ ಬಾಯಾಗ ಸ್ತೋತ್ರ ಕೈಯಾಗ ಮೋಸ ಅನ್ನೋದನ್ನ ಅವರು ನೋಡಿದ ಕೂಡ್ಲೇ ಗುರ್ತು ಹಿಡೀತಾರ.

ಮನಿ ವಿಷಯ ಅಂಗಡಿಗಿಂತ ಕಠಿಣ. ಅಂಗಡ್ಯಾಗ ಹತ್ತು ಮಂದಿ ಕಡೆ ಅನಿಸ್ಕೊಂಡು, ಅವರಿಗೆಲ್ಲಾ ಹಲ್ಲಕಿಸದು ಶಟರ್ ಎಳದು ಬರ್ತೀರಿ, ನುಂಗಿದ್ದೆಲ್ಲಾ ಒಳಗ ಇರತೈತಿ, ಮನ್ಯಾಗ ಪಲ್ಯಾಕ್ಕ ಉಪ್ಪು ಕಡಿಮಿ ಆದ್ರ ಸಾಕು, ಗಿರಾಕಿಗೆ ಹೇಳಬೇಕಾಗಿದ್ದು ಹೆಂಡತಿಗೆ ಬೀಳತೈತಿ. ಯಾಕಂದ್ರ ಆಕಿ ಬ್ಯಾರೆ ಟೇಲರ್ ಕಡೆ ಹೋಗಂಗಿಲ್ಲ, ಬಿರುಸು ಅನಸ್ತೈತಿ ಆದ್ರ ಖರೆ ಅದ. ಗಿರಾಕಿ ಮುಂದ ಮೆತ್ತಗ ಇರಾಕ ಬರತೈತಿ ಅಂದಮ್ಯಾಲ 'ನನ್ನ ಸ್ವಭಾವನ ಸಿಟ್ಟಿಂದು' ಅನ್ನೋ ಮಾತು ನಿಲ್ಲಂಗಿಲ್ಲ. ಯಾಕೋಬ 3:9ರಾಗ ಇದನ್ನ ನೇರ ಹೇಳ್ಯಾನ, ಒಂದ ನಾಲಿಗಿಲೆ ತಂದೆಯಾದ ದೇವರನ್ನ ಹೊಗಳ್ತೀವಿ, ಅದ ನಾಲಿಗಿಲೆ ದೇವರ ಹೋಲಿಕಿಗೆ ಹುಟ್ಟಿದ ಮನಷ್ಯಾನ್ನ ಶಪಿಸ್ತೀವಿ ಅಂತ. ನಿಮ್ಮ ಮಗಳು ಯಾಕೋಬನ ಮಾತನ್ನ ತನ್ನ ಮಾತಿನ್ಯಾಗ ಹೇಳ್ಯಾಳ, ಅಷ್ಟ. ಆಕಿ ಮ್ಯಾಲ ಬ್ಯಾಸರಾ ಮಾಡ್ಕೋಬ್ಯಾಡ್ರಿ. ಇನ್ನೊಂದು ಕೈ ಮುಗದು ಕೇಳ್ಕೋತೀನಿ, ಮುಂದಿನ ಸಾಕ್ಷಿಯೊಳಗ 'ದೇವರು ನನ್ನ ಮಗಳ ಮೂಲಕ ಮಾತಾಡಿದ' ಅಂತ ಆಕಿ ಹೆಸರು ತಗದು ಮೈಕಿನ್ಯಾಗ ಹೇಳಾಕ ಹೋಗಬ್ಯಾಡ್ರಿ, ಹರೇದ ಹುಡುಗಿ, ಇನ್ನೊಮ್ಮೆ ನಿಮಗ ಖರೆ ಹೇಳಂಗಿಲ್ಲ.

ನೀವು ಬೆಳಗಿನ ಪ್ರಾರ್ಥನಾ ತಪ್ಪಸಂಗಿಲ್ಲ ಅಂತ ಬರದೀರಿ. 1 ಪೇತ್ರ 3:7 ಓದ್ರಿ. ಗಂಡಸರು ಹೆಂಡತಿಗೆ ಮಾನಾ ಕೊಟ್ಟು ಬಾಳ್ವೆ ಮಾಡ್ರಿ, ಇಲ್ಲಂದ್ರ ನಿಮ್ಮ ಪ್ರಾರ್ಥನೆಗೆ ಅಡ್ಡಿ ಆಗತೈತಿ ಅಂತ ಐತಿ. ರಾತ್ರಿ ಒಂಬತ್ತಕ್ಕ ಅಂದ ಮಾತು ಬೆಳಿಗ್ಗೆ ಐದರ ಪ್ರಾರ್ಥನೆಗೆ ಅಡ್ಡ ನಿಲ್ಲತೈತಿ ಅಂದಂಗಾತು. ಹಂಗಾಗಿ ಪ್ರಾರ್ಥನಾ ಇನ್ನೂ ಅರ್ಧಾ ತಾಸು ಹೆಚ್ಚ ಮಾಡ್ತೀನಿ ಅನ್ನೋಕ್ಕಿಂತ ಮೊದಲ ಹೆಂಡತಿ ಹತ್ರ ಕ್ಷಮಾ ಕೇಳ್ರಿ. ಹೆಂಗ ಕೇಳಬೇಕು ಅನ್ನೋದನ್ನೂ ಹೇಳ್ತೀನಿ, ಯಾಕಂದ್ರ ನಮ್ಮ ಗಂಡಸರಿಗೆ ಇದು ಬರಂಗಿಲ್ಲ. 'ಏನರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೊ' ಅನ್ನೋದು ಕ್ಷಮಾ ಅಲ್ಲ. 'ಮೊನ್ನೆ ನಿನ್ನ ತಮ್ಮನ ಮುಂದ ನಿನ್ನ ಅಡಗಿಗೆ ಹೆಸರಿಟ್ಟೆ, ಹಂಗ ಅನಬಾರದಿತ್ತು, ತಪ್ಪು ನಂದು' ಅಂತ ಆದದ್ದನ್ನ ಹೆಸರಿಟ್ಟು ಹೇಳ್ರಿ, ಹೇಳಿ ಅಲ್ಲೇ ನಿಲ್ಲಸ್ರಿ, 'ಆದ್ರ ನೀನೂ...' ಅಂತ ಚಾಲೂ ಮಾಡಬ್ಯಾಡ್ರಿ, ಆ 'ಆದ್ರ' ಬಂದ ಕೂಡ್ಲೇ ನಾಲಿಗಿ ಮತ್ತ ತನ್ನ ಹಳೆ ಡ್ಯೂಟಿಗೆ ಹಾಜರ ಆದಂಗ. ಆಕಿ ತಕ್ಷಣ ಕ್ಷಮಿಸಬೇಕು ಅಂತಾನೂ ಇಲ್ಲ, ವರ್ಷಗಟ್ಟಲೆ ಕೇಳಿಸ್ಕೊಂಡಾಕಿ, ಎರಡು ದಿನಾ ನಂಬದಿದ್ರ ಸಿಟ್ಟಾಗಬ್ಯಾಡ್ರಿ. ಸಂಜೀಕ ಶಟರ್ ಹಾಕೂಮುಂದ ಕೀಲಿ ಕೈಯಾಗ ಇದ್ದಾಗ 141ನೇ ಕೀರ್ತನೆಯ 3ನೇ ವಚನ ಒಂದು ಹೇಳ್ರಿ, ಕರ್ತನೇ ನನ್ನ ಬಾಯಿಗೆ ಕಾವಲು ಇಡು ಅನ್ನೋ ಪ್ರಾರ್ಥನಾ ಅದು. ಬೆಳಿಗ್ಗೆ ಮಾಡಿದ ಪ್ರಾರ್ಥನಾ ಸಂಜಿ ಅನ್ನೋದ್ರೊಳಗ ತಣ್ಣಗಾಗಿರತೈತಿ, ಇದು ಹೊತ್ತಿಗೆ ಸರಿಯಾಗಿ ಆಗತೈತಿ.

ಇದನ್ನ ಓದೋ ಅಕ್ಕತಂಗ್ಯಾರಿಗೆ ಒಂದು ಮಾತು ಹೇಳದಿದ್ರ ಈ ಉತ್ತರಾ ಅಪಾಯದ್ದು ಆಗತೈತಿ. ಬಾಯಿ ಸುಮ್ಮನ ಇರಬೇಕು, ತಿರುಗಿ ಬೈಬಾರದು, ದೇವರಿಗೆ ಒಪ್ಪಿಸಬೇಕು ಅಂತ ಹೇಳೀನಲ್ಲ, ಇದನ್ನ ಹೊಡಿಯೋ ಗಂಡನ ಮನ್ಯಾಗ ಇರಾಕಿಗೆ ಹೇಳಿ ತಿರುಗಿ ಕಳಸೋ ಸಭೆಗಳು ಅದಾವು. ನಾನು ಅದನ್ನ ಒಪ್ಪಂಗಿಲ್ಲ. ಯೇಸುವಿಗೆ ಮಹಾಯಾಜಕನ ಮುಂದ ಒಬ್ಬ ಆಳು ಕಪಾಳಕ್ಕ ಹೊಡದಾಗ ಆತ ಸುಮ್ಮನಿರಲಿಲ್ಲ, ನಾ ತಪ್ಪು ಮಾತಾಡಿದ್ರ ತಪ್ಪೇನಂತ ಹೇಳು, ಸರಿ ಮಾತಾಡಿದ್ರ ಯಾಕ ಹೊಡಿತಿ ಅಂತ ಕೇಳಿದ (ಯೋಹಾನ 18:23). ಪೌಲ ಫಿಲಿಪ್ಪಿಯಲ್ಲಿ ವಿಚಾರಣೆ ಇಲ್ಲದ ಹೊಡಸ್ಕೊಂಡು ಜೇಲಿಗೆ ಹೋದಮ್ಯಾಲ ಗುಟ್ಟಾಗಿ ಬಿಡ್ತೀವಿ ಅಂದ್ರ ಒಪ್ಪಲಿಲ್ಲ, ಅಧಿಕಾರಿಗಳ ಬಂದು ಕರಕೊಂಡು ಹೋಗಲಿ ಅಂದ. ಖರೆ ಹೇಳೋದು, ನ್ಯಾಯಾ ಕೇಳೋದು ಸಮರ್ಪಣೆಗೆ ವಿರುದ್ಧ ಅಲ್ಲ. ಹೊಡತಾ ತಿನ್ನೋ ಹೆಣ್ಣಮಕ್ಕಳು ಮಹಿಳಾ ಸಹಾಯವಾಣಿ 181ಕ್ಕ ಫೋನ್ ಮಾಡ್ರಿ, ಕೌಟುಂಬಿಕ ಹಿಂಸೆ ವಿರುದ್ಧ 2005ರ ಕಾಯ್ದೆ ಐತಿ, ಅದರ ಆಸರಾ ತೊಗೊಂಡ್ರ ವಿಶ್ವಾಸ ಕಡಿಮಿ ಆತು ಅಂತ ಯಾರರ ಅಂದ್ರ ಅವರ ಮಾತು ಕೇಳಬ್ಯಾಡ್ರಿ.

ಇನ್ನ ನಿಮ್ಮ ಓಣಿಯವರು. ಕೆಣಕೋರಿಗೆ ಉತ್ತರಾ ಕೊಡಬಾರದು ಅಂತಿಲ್ಲ, 1 ಪೇತ್ರ 3:15 ಕೇಳಿದವರಿಗೆ ಉತ್ತರಾ ಹೇಳಾಕ ತಯಾರ ಇರ್ರಿ ಅಂತೈತಿ, ಆದ್ರ ಮೆತ್ತಗ, ಮರ್ಯಾದಿಲೆ. ಕೇಳೋದು ಬ್ಯಾರೆ ಕೆಣಕೋದು ಬ್ಯಾರೆ, ಚಹಾದಂಗಡಿ ಮುಂದ ನಾಕು ಮಂದಿ ನಗಲಿ ಅಂತ ಅಂದಿದ್ದಕ್ಕ ಅಲ್ಲೇ ನಿಂತು ಉತ್ತರಾ ಕೊಡೋದು ಬ್ಯಾಡ, ನಕ್ಕು ಮುಂದ ಹೋಗ್ರಿ, ಅವರ ಒಬ್ಬರ ಸಿಕ್ಕಾಗ ಮಾತಾಡ್ರಿ. ಅವರ ದೇವರ ಬಗ್ಗೆ ನಿಮ್ಮ ಬಾಯಿಂದ ಹಗುರ ಮಾತು ಬರಬಾರದು, ಮನ್ಯಾಗ ಬಾಗಲಾ ಹಾಕ್ಕೊಂಡೂ ಬರಬಾರದು. ಎಫೆಸದಾಗ ಪೌಲ ಎರಡು ವರ್ಷಕ್ಕೂ ಹೆಚ್ಚು ಇದ್ದ, ಅರ್ತೆಮೀ ದೇವಿಯ ದೊಡ್ಡ ಗುಡಿ ಇದ್ದ ಊರು, ಕಡೀಕ ಗಲಾಟೆ ಎದ್ದಾಗ ಆ ಊರಿನ ಲೇಖಕ, ಅಂದ್ರ ಊರಾಡಳಿತದ ಅಧಿಕಾರಿ, ತಾನ ಮಂದಿ ಮುಂದ ನಿಂತು ಏನಂದ ಗೊತ್ತೈತೇನು? ಈ ಮನಷ್ಯಾರು ಗುಡಿ ಲೂಟಿ ಮಾಡಿದವರೂ ಅಲ್ಲ, ನಮ್ಮ ದೇವಿನ್ನ ಬೈದವರೂ ಅಲ್ಲ ಅಂತ (ಕೃತ್ಯಗಳು 19:37). ಪೌಲ ತನ್ನ ಮಾತು ಬಿಡಲಿಲ್ಲ, ಕೈಲೆ ಮಾಡಿದ್ದು ದೇವರಲ್ಲ ಅಂತ ಹೇಳೇ ಹೇಳಿದ, ಆದ್ರೂ ಬೈದ ಅನ್ನೋ ಆರೋಪ ಆ ಲೇಖಕನ ಎದುರಿಗೆ ನಿಲ್ಲಲಿಲ್ಲ. ನಮ್ಮ ಕೆಲವು ಹುಡುಗೂರು ಮೊಬೈಲಿನ್ಯಾಗ ಹಾಕೋ ಸ್ಟೇಟಸ್ ನೋಡಿದ್ರ, ನಮ್ಮ ಪರವಾಗಿ ಊರಾಗ ಯಾರರ ಹಂಗ ಹೇಳಾಕ ಬರತೈತೇನು ಅಂತ ನನಗ ಸಂಶೆ ಐತಿ.

ಸಭೆಯೊಳಗಿನ ಮಾತಿನ ಬಗ್ಗೆ ಎರಡ ಸಾಲು. 'ಪ್ರಾರ್ಥನೆಗಾಗಿ ಹೇಳ್ತೀನಿ' ಅಂತ ಚಾಲೂ ಆಗೋ ಮಾತಿನ್ಯಾಗ ಭಾಳಷ್ಟು ಚಾಡಿ. ಒಬ್ಬರ ತಪ್ಪು ಕಂಡ್ರ ಮೊದಲ ಅವರ ಒಬ್ಬರ ಹತ್ರನ ಹೋಗ್ರಿ ಅಂತ ಮತ್ತಾಯ 18:15ರಾಗ ಐತಿ, ವಾಟ್ಸಾಪ್ ಗ್ರೂಪಿಗೆ ಹಾಕ್ರಿ ಅಂತ ಇಲ್ಲ.

ನೀವು ಸೋಲ್ತೀರಿ, ಅದನ್ನೂ ಹೇಳಿಬಿಡ್ತೀನಿ. ಮಾತಿನ್ಯಾಗ ಎಡವದಾವ ಇದ್ರ ಅಂವ ಪೂರ್ಣ ಮನಷ್ಯಾ ಅಂತ ಬರದ ಯಾಕೋಬನ ಅದ ಸಾಲಿನ್ಯಾಗ ನಾವೆಲ್ಲಾರೂ ಭಾಳ ವಿಷಯದಾಗ ಎಡವ್ತೀವಿ ಅಂತ ತನ್ನನ್ನೂ ಕೂಡಿಸ್ಕೊಂಡು ಬರದಾನ. ಸೋತ ದಿನಾ ಒಂದು ವಾರ ಮುಖಾ ಸಣ್ಣದ ಮಾಡ್ಕೊಂಡು ಕೂಡಬ್ಯಾಡ್ರಿ, ಅದೂ ಒಂದು ನಮೂನಿ ಸೊಕ್ಕ. ದೇವರ ಹತ್ರ ಒಪ್ಪಿಕೋರಿ, ಸುಳ್ಳು ಹೇಳಿದ ಗಿರಾಕಿಗೆ ಅವತ್ತ ಫೋನ್ ಹಚ್ರಿ. ಸಭೆಯ ಹಿರಿಯರು ಒಬ್ಬರಿಗೆ, ಬಾಯಿ ಬಿಗಿ ಇದ್ದವರಿಗೆ, ವಾರಕ್ಕೊಮ್ಮೆ ನಿಮ್ಮ ಆರ್ಡರ್ ಬುಕ್ ತೋರಸ್ರಿ. ಮಂದಿ ಆತ್ಮಿಕ ವಿಷಯಕ್ಕ ಆರ್ಡರ್ ಬುಕ್ ಯಾಕ ಅಂತ ನಗಬಹುದು, ನಗಲಿ.

ಕೂಟದಾಗ ಮತ್ತ ಮುಂದ ಹೋಗಬೇಕೇನು ಅಂತ ಕೇಳೀರಿ. ಹೋದ್ರ ತಪ್ಪಿಲ್ಲ, ಆದ್ರ ಹೋದ ವರ್ಷ ಕೊಟ್ಟಿದ್ದನ್ನ ಮತ್ತ ಹೊಸದಾಗಿ ಕೊಡಾಕ ಬರಂಗಿಲ್ಲ, ಅದು ಆಗಲೇ ದೇವರದು. ಯೇಸು ಮತ್ತಾಯ 5:23, 24ರಾಗ ಹೇಳಿದ್ದು ನಿಮಗ ಹೆಚ್ಚು ಹೊಂದತೈತಿ, ಕಾಣಿಕಿ ತೊಗೊಂಡು ಯಜ್ಞವೇದಿ ಹತ್ರ ಬಂದಾಗ ನಿಮ್ಮ ಮ್ಯಾಲ ಒಬ್ಬರಿಗೆ ಬ್ಯಾಸರಾ ಐತಿ ಅಂತ ನೆನಪಾದ್ರ, ಕಾಣಿಕಿ ಅಲ್ಲೇ ಬಿಟ್ಟು ಮೊದಲ ಅವರ ಹತ್ರ ಹೋಗು ಅಂತ. ಈ ಸಲ ಕೂಟ ಲಗ್ನದ ಸೀಸನ್‌ನ್ಯಾಗ ಬಂದ್ರ, ಅವತ್ತು ಕೊಡಬೇಕಾಗಿದ್ದ ಜಂಪರ್ ಬಾಕಿ ಇಟ್ಟು ಹಾಡಿನ ಹೊತ್ತಿಗೆ ಮುಂದಿನ ಸಾಲಿನ್ಯಾಗ ಹೋಗಿ ಕುಂದರಬ್ಯಾಡ್ರಿ. ಹುಕ್ ಹಚ್ಚಿ, ಇಸ್ತ್ರಿ ಮಾಡಿ, ಆಕಿ ಕೈಯಾಗ ಕೊಟ್ಟು ಆಮ್ಯಾಲ ಬರ್ರಿ, ಪ್ರಸಂಗ ಅರ್ಧಾ ಮುಗದಿದ್ರೂ ನಡೀತೈತಿ, ಹಿಂದ ಕುರ್ಚಿ ಖಾಲಿ ಇರತಾವು.